ಡ್ರ್ಯಾಗನ್ ಮೊಟ್ಟೆ

ಮದುವೆಗೆ ಮುಂಚೆ ಹೆಂಗಸರೆಲ್ಲ ಸೇರಿ ಮದುಮಗಳಿಗೆ ಉಡುಗೊರೆ ಕೊಡುವ ಕೂಟ ಮರುದಿನವೇ ಇತ್ತು. ಮ್ಯಾರೆನ್‌ಗೆ ಚಿಕ್ಕಂದಿನಿಂದಲೂ ಮಾಯಾಲೋಕದ ಕಥೆಗಳೆಂದರೆ ಪ್ರಾಣ. ಹಾಗಾಗಿ ಡುಲೂತ್‌ನ ಅವಳ ಮನೆಯ ಊಟದ ಮೇಜಿನ ತುಂಬ ಕಾಗದದ ಹೂಕಿರೀಟಗಳು, ಬಲೆಬಟ್ಟೆಯ ರೆಕ್ಕೆಗಳು. ಅವಳಿಗೆ ಅತ್ತೆಯಾಗಲಿದ್ದ ಲೊರೇನ್ ಸಹಾಯಕ್ಕೆ ಬಂದು, ಥರ್ಮಾಕೋಲ್ ಮೊಟ್ಟೆಗೆ ಡ್ರಾಯಿಂಗ್ ಪಿನ್ನುಗಳನ್ನು ಮೀನಿನ ಹುರುಪೆಯಂತೆ ಒತ್ತಾಗಿ ಚುಚ್ಚುತ್ತ ಕೂತಿದ್ದರು. ಅವರಿಬ್ಬರ ನಡುವೆ ಮಾತು ಯಾವಾಗಲೂ ಕಡಿಮೆಯೇ.

“ಡ್ರ್ಯಾಗನ್ ಬೇಕಿದ್ರೆ ಮೊಟ್ಟೆಯಿಂದ ಶುರು ಮಾಡೋದ್ಯಾಕೆ? ನನ್ನನ್ನೇ ಕೂರಿಸಬಹುದಿತ್ತಲ್ಲ,” ಎಂದರು ಲೊರೇನ್, ತಲೆಯೆತ್ತದೆ.

ಮ್ಯಾರೆನ್ ಕೈಯಲ್ಲಿದ್ದ ಅಂಟು ಹಾಗೇ ಒಣಗಿತು. ಹೋದ ವಾರ ಗೆಳತಿಯೊಬ್ಬಳಿಗೆ ಫೋನಿನಲ್ಲಿ ‘ನಮ್ಮತ್ತೆ ಒಂದು ಡ್ರ್ಯಾಗನ್’ ಎಂದು ಆಡಿದ್ದ ಮಾತು ಇವರ ಕಿವಿಗೂ ಬಿದ್ದಿತ್ತೆಂದಾಯಿತು.

“ತಪ್ಪಾಯ್ತು. ಹಾಗನ್ನಬಾರದಿತ್ತು.”

“ಇರ್ಲಿ ಬಿಡು. ನಮ್ಮತ್ತೇನ ನಾನು ಮಾಟಗಾತಿ ಅಂತಿದ್ದೆ. ಪುಣ್ಯಕ್ಕೆ ಅವರಿಗೆ ಕಿವಿ ಮಂದ.”

ಮ್ಯಾರೆನ್‌ಗೆ ನಗು ತಡೆಯಲಾಗಲಿಲ್ಲ. ಸಂಕೋಚದಿಂದಲೇ ಒಂದು ಜೊತೆ ಹಸಿರು ರೆಕ್ಕೆ ಎತ್ತಿ ಹಿಡಿದಳು.

“ನಾಳೆ ಹಾಕ್ಕೋತೀರಾ?”

ಲೊರೇನ್ ಕನ್ನಡಕ ಸರಿಪಡಿಸಿಕೊಂಡು ನೋಡಿದರು. “ಇದು ಚಿಟ್ಟೆಗಾಯ್ತು. ನನ್ನ ಮೈಗೆ ಸಾಲುತ್ತಾ? ಕತ್ತರಿ ಕೊಡು ಇಲ್ಲಿ.”

ಉಳಿದ ಬಟ್ಟೆಯನ್ನು ಅವರು ನೆಲದ ಮೇಲೆ ಹರಡಿದರು. ಒಂದು ತುದಿಯನ್ನು ಮ್ಯಾರೆನ್ ಬಿಗಿಯಾಗಿ ಹಿಡಿದುಕೊಂಡಳು.