ಲಿಫ್ಟಿನಿಂದ ಬಂದ ಇಪ್ಪತ್ತನೆಯ ಕರೆ

ಹದಿನೆಂಟು ವರ್ಷ ಈ ಹೋಟೆಲಿನ ಟೆಲಿಫೋನ್ ಕೋಣೆಯಲ್ಲಿ ಕೂತು ನಾನು ತಪ್ಪು ಇಂಗ್ಲಿಷ್ ಮಾತಾಡಿದ್ದೇನೆ. ಒಬ್ಬ ಗಿರಾಕಿಯೂ ಉಪವಾಸ ಮಲಗಿಲ್ಲ, ಒಬ್ಬರ ವಿಮಾನವೂ ತಪ್ಪಿಲ್ಲ. "ಟವೆಲ್ ಕಮಿಂಗ್ ಸಾರ್" ಎಂದರೆ ಟವೆಲ್ ಹೋಗಿ ಮುಟ್ಟುತ್ತಿತ್ತು. ಇನ್ನೇನು ಬೇಕು ಸ್ವಾಮಿ ಮನುಷ್ಯನಿಗೆ?

ಹೊಸ ಮ್ಯಾನೇಜರಿಗೆ ಬೇಕಿತ್ತು. ಆತ ಒಬ್ಬ ಗ್ರಾಮರ್ ಮೇಷ್ಟ್ರನ್ನು ಕರೆತಂದು ನಮ್ಮ ತಲೆಯ ಮೇಲೆ ಕೂರಿಸಿದ. ಐವತ್ತೈದರ ಆಸುಪಾಸು, ಗೆರೆ ಕೆಡದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಅವರ ಮಾತಿನಲ್ಲಿ ಪ್ರತಿ ವಾಕ್ಯ ಮುಗಿದದ್ದೂ ಕಿವಿಗೆ ಗೊತ್ತಾಗುತ್ತಿತ್ತು, ಅದಕ್ಕೇ ನಾವು ಫುಲ್‌ಸ್ಟಾಪ್ ಮೇಷ್ಟ್ರು ಅಂತ ಹೆಸರಿಟ್ಟೆವು.

ಮೂರು ತಿಂಗಳ ಪಾಠ, ಆಮೇಲೆ ಪರೀಕ್ಷೆ. ನನಗೆ ಬರುವ ಕರೆಗಳು ರೆಕಾರ್ಡ್ ಆಗುತ್ತವೆ. ಅದರಲ್ಲಿ ಸಾಲಾಗಿ ಇಪ್ಪತ್ತನ್ನು ಮೇಷ್ಟ್ರು ಕೇಳುತ್ತಾರೆ. ಹತ್ತು ಕರೆಗೆ ಪೂರ್ತಿ ಅಂಕ ಬಂದರೆ ಕುರ್ಚಿ ನನ್ನದು, ಇಲ್ಲದಿದ್ದರೆ ನೆಲಮಾಳಿಗೆಯ ಲಾಂಡ್ರಿ. ನನಗೆ ಉಬ್ಬಸ. ಆ ಬಿಸಿ ಆವಿಯಲ್ಲಿ ಹತ್ತು ನಿಮಿಷ ನಿಂತರೆ ಎದೆ ಸೀಟಿ ಹೊಡೆಯುತ್ತದೆ. ಇನ್ನೊಂದು ನಿಯಮವೂ ಇತ್ತು: ಪೂರ್ತಿ ಅಂಕ ಬಿದ್ದ ಕರೆಯನ್ನು ಮ್ಯಾನೇಜರ್ ತಾನೂ ಕೇಳುತ್ತಾನೆ, ಉಳಿದದ್ದನ್ನು ಅಳಿಸಿಬಿಡುತ್ತಾರೆ.

ಪಾಠ ಕಲಿತೆ ನೋಡಿ, ನನ್ನ ಬಾಯಿಗೆ ಬೀಗ ಬಿತ್ತು. ಮೊದಲು ನಾಲಿಗೆಯ ತುದಿಯಲ್ಲಿದ್ದ ಮಾತು ಈಗ ಗಂಟಲಲ್ಲಿ ನಿಂತು, ನಾನು ಸರಿಯೋ ತಪ್ಪೋ ಎಂದು ಕೇಳುತ್ತಿತ್ತು. ನಿಯಮ ನೋಡಿದರೆ ಮಾತಿಲ್ಲ, ಮಾತಾಡಿದರೆ ನಿಯಮವಿಲ್ಲ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲೂ ಮಾತು ಕಮ್ಮಿಯಾಯಿತು.

"ಹದಿನೆಂಟು ವರ್ಷ ಬಾಯಿ ಬಡ್ಕೊಂಡೋಳಿಗೆ ಈಗೇನು ದೊಡ್ಡ ರೋಗ?" ಎಂದರು ಅತ್ತೆ. "ಸೊಸೆ ಸುಮ್ಮನಿದ್ರೆ ನಂಗೆ ಜಗಳಕ್ಕೆ ಯಾರಿದಾರೆ?"

ಹತ್ತೊಂಬತ್ತು ಕರೆ ಮುಗಿದಾಗ ಒಂಬತ್ತಕ್ಕೆ ಪೂರ್ತಿ ಅಂಕ ಬಿದ್ದಿತ್ತು. ಉಳಿದದ್ದು ಒಂದೇ ಕರೆ. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಹೊಡೆದುಕೊಂಡಿತು. ಬೋರ್ಡಿನಲ್ಲಿ ಹೊತ್ತಿದ್ದು ಲಿಫ್ಟಿನೊಳಗಿನ ಫೋನಿನ ದೀಪ.

ಬೇರೆ ಯಾರಾದರೂ ಆಗಿದ್ದರೆ ಏನಾಯಿತು ಎಂದು ಕೇಳುತ್ತಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಮೇಷ್ಟ್ರು ಬರೆಸಿದ್ದ ನಾಲ್ಕು ಸಾಲಿನ ಸ್ವಾಗತವನ್ನು ಇಂಗ್ಲಿಷಿನಲ್ಲಿ ಪೂರ್ತಿ ಒಪ್ಪಿಸಿದೆ. ಶುಭ ಮಧ್ಯಾಹ್ನದಿಂದ ಹಿಡಿದು ನಿಮ್ಮ ಸೇವೆಯೇ ನಮ್ಮ ಸಂತೋಷದವರೆಗೆ, ಒಂದಕ್ಷರ ಬಿಡದೆ. ಆ ಕಡೆ ಒಬ್ಬ ಗಂಡಸು ಬಾಗಿಲು ಗುದ್ದುತ್ತಾ ಒಡೆದ ದನಿಯಲ್ಲಿ ಕೂಗುತ್ತಿದ್ದ.

"ಡೋರ್ ನೋ ಓಪನ್! ಡಾರ್ಕ್! ಐ ಡೈ, ಐ ಡೈ!"

ನಾನು ಉತ್ತರದ ವಾಕ್ಯ ಕಟ್ಟಲು ಶುರು ಮಾಡಿದೆ. ಕಟ್ಟಿದೆ, ಕೆಡವಿದೆ, ಮತ್ತೆ ಕಟ್ಟಿದೆ. ಅಷ್ಟರಲ್ಲಿ ಆ ಕಡೆಯ ಕೂಗು ನಿಂತು ಉಸಿರಿನ ಸದ್ದು ಮಾತ್ರ ಕೇಳಿಸಿತು. ಸಣ್ಣಗೆ, ಅವಸರವಾಗಿ, ಎಳೆದೆಳೆದು ಬಿಡುವ ಉಸಿರು. ಆ ಸದ್ದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಥೂ, ನಿನ್ನ ಅಂಕಕ್ಕಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ.

"ಸಾರ್! ಫ್ಲೋರ್ ಸಿಟ್ ಸಾರ್. ಶರ್ಟ್ ಬಟನ್ ಓಪನ್. ನೋ ಫಿಯರ್. ಐ ಹಿಯರ್ ಓನ್ಲಿ."

"ಡೋಂಟ್ ಗೋ," ಎಂದಿತು ದನಿ.

"ವೇರ್ ಐ ಗೋ ಸಾರ್? ಐ ಹಿಯರ್ ಓನ್ಲಿ. ಸ್ಲೋ ಬ್ರೀದ್. ಒನ್, ಟೂ, ತ್ರೀ."

ಇನ್ನೊಂದು ಫೋನಿನಲ್ಲಿ ಲಿಫ್ಟ್ ಮೆಕ್ಯಾನಿಕ್ಕನ್ನು ಕರೆದೆ. ಇಪ್ಪತ್ತೆರಡು ನಿಮಿಷ ನಾವಿಬ್ಬರೂ ಉಸಿರು ಎಣಿಸಿದೆವು. ನಡುವೆ ಆ ಮನುಷ್ಯ ಅತ್ತ. "ಅಮ್ಮಾ, ಅಮ್ಮಾ" ಎಂದು ಮಗುವಿನ ಹಾಗೆ ಅತ್ತ.

ಆಮೇಲೆ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ. "ಅಕ್ಕಾ, ಒಳಗೆ ಯಾರಿದ್ರು ಗೊತ್ತಾ? ನಿಮ್ಮ ಫುಲ್‌ಸ್ಟಾಪು!"

ಮಾಡಿದ್ದುಣ್ಣೋ ಮಹರಾಯ ಎಂದು ನಗಬೇಕಿತ್ತು. ನಗು ಬರಲಿಲ್ಲ. ಆ ಅಳು ನನ್ನ ಇಪ್ಪತ್ತನೆಯ ಕರೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರು ನನ್ನ ಕೋಣೆಗೆ ಬಂದು, ನನ್ನ ಎದುರೇ ಅದನ್ನು ಕೇಳಿದರು. ಕಿಟಕಿಯಿಲ್ಲದ ಕೋಣೆ, ನಾವಿಬ್ಬರು, ಮತ್ತು ಅವರ ಅಳು. ಅವರ ಕೆಂಪು ಪೆನ್ನು ಕಾಗದದ ಮೇಲೆ ಗೀಟು ಹಾಕುತ್ತಾ ಹೋಯಿತು.

"ಹನ್ನೊಂದು ತಪ್ಪು," ಎಂದರು.

"ಸೊನ್ನೆ ಹಾಕ್ಬಿಡಿ ಮೇಷ್ಟ್ರೇ, ಅಳಿಸಿ ಹೋಗ್ಲಿ. ಪೂರ್ತಿ ಕೊಟ್ರೆ ಮ್ಯಾನೇಜರ್ ಕೇಳ್ತಾರೆ." ನಾನೇನು ದೇವತೆಯಲ್ಲ. ಬೇಡ, ಪೂರ್ತಿ ಕೊಡಿ, ನನಗೆ ಉಸಿರು ಬೇಕು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು.

ಅವರು ತುಂಬಾ ಹೊತ್ತು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಹನ್ನೊಂದರಲ್ಲಿ ಒಂದೂ ನಂಗೆ ನಿನ್ನೆ ಕೇಳಿಸ್ಲಿಲ್ಲಮ್ಮ," ಎಂದು ಪೂರ್ತಿ ಅಂಕ ಬರೆದರು. ಕರೆ ಮಾಡಿದವರು ಎಂಬಲ್ಲಿ ತಮ್ಮ ಹೆಸರನ್ನೇ ದುಂಡಗೆ ಬರೆದು ಸಹಿ ಹಾಕಿದರು.

ಹನ್ನೊಂದು ಗಂಟೆಗೆ ಗೋಡೆಯಾಚೆಯ ಮ್ಯಾನೇಜರ್ ಕೋಣೆಯಿಂದ ಆ ಅಳು ಕೇಳಿಸಿತು. ಆಮೇಲೆ ಮೂರು ನಾಲ್ಕು ಜನರ ನಗು. ಮತ್ತೊಮ್ಮೆ ಹಾಕಿ ಕೇಳಿದರು, ಮತ್ತೊಮ್ಮೆ ನಕ್ಕರು. ಮೇಷ್ಟ್ರು ಆ ಕೋಣೆಯಿಂದ ಹೊರಗೆ ಬಂದರು. ಅವರ ತರಗತಿ ಆರನೆಯ ಮಹಡಿಯಲ್ಲಿ. ಲಿಫ್ಟಿನ ಬಾಗಿಲು ತೆರೆದೇ ಇತ್ತು, ಅದನ್ನು ನೋಡಿ ಅವರು ಗೋಡೆ ಹಿಡಿದುಕೊಂಡರು. ಹಿಂದೆ ನಗು, ಮುಂದೆ ಆ ಪೆಟ್ಟಿಗೆ.

ನಾನು ಎದ್ದೆ. ಹೆಡ್‌ಫೋನಿನ ವೈರು ಬಾಗಿಲವರೆಗೆ ಮಾತ್ರ ಬರುತ್ತದೆ.

"ಸಾರ್," ಎಂದೆ. "ಐ ಹಿಯರ್ ಓನ್ಲಿ."

ಮೇಷ್ಟ್ರು ಮೆಟ್ಟಿಲಿನ ಕಡೆ ತಿರುಗಿ, ಮೊದಲನೆಯ ಮೆಟ್ಟಿಲ ಮೇಲೆ ಕೂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಅವರ ತುಟಿ ಅಲುಗುತ್ತಿತ್ತು: ಒನ್, ಟೂ, ತ್ರೀ. ಮತ್ತೆ ಫೋನು ಹೊಡೆದುಕೊಳ್ಳುವವರೆಗೂ ನಾನು ಬಾಗಿಲಲ್ಲೇ ನಿಂತು ಅವರ ಜೊತೆ ಎಣಿಸಿದೆ.