ಅಣ್ಣಂದಿರ ಬಟ್ಟೆ

ಭಾನುವಾರ ಬೆಳಗ್ಗೆ ನೊರೀನ್ ವಾಷಿಂಗ್ ಮಷೀನಿಗೆ ಟವೆಲುಗಳನ್ನು ತುಂಬುತ್ತಿದ್ದಳು. ಹಿಂಬಾಗಿಲನ್ನು ಯಾರೋ ಕಾಲಿನಿಂದ ತಟ್ಟಿದ ಸದ್ದಾಯಿತು. ತೆರೆದರೆ, ಆಗಸ್ಟಿನಲ್ಲಿ ಕಾಲೇಜು ಸೇರಿದ್ದ ಮಗ ಕೋಲ್ಬಿ. ಬೆನ್ನ ಮೇಲೊಂದು ಮೂಟೆ, ಎರಡು ಕಂಕುಳಲ್ಲಿ ಎರಡು. ಮೂಟೆಗಳ ನಡುವೆ ಮುಖವೊಂದಿತ್ತು, ಅಷ್ಟೆ.

ಪಾಪ, ಕೂಸು ಬಟ್ಟೆ ಒಗೆಯಲೂ ಪುರುಸೊತ್ತಿಲ್ಲದೆ ಓದುತ್ತಿದೆ ಎಂದುಕೊಂಡು ಅವಳು ಒಂದು ಮೂಟೆ ಬಿಚ್ಚಿದಳು. ಮೊದಲು ಕೈಗೆ ಬಂದ ಚಡ್ಡಿಯಲ್ಲಿ ಇಬ್ಬರು ಕೋಲ್ಬಿಯರು ಹಿಡಿಸುತ್ತಿದ್ದರು.

"ಇದ್ರಲ್ಲಿ ನಿಂದು ಯಾವುದೋ?"

"ನಂದಿಲ್ಲಮ್ಮ. ಎಲ್ಲಾ ಅಣ್ಣಂದಿರದು."

ಕೋಲ್ಬಿ ಮನೆಯ ಹಿರಿಮಗ. ನೊರೀನ್ ಅವನಿಗೆ ಹೆತ್ತುಕೊಟ್ಟದ್ದು ಟೆಸ್ಸಿ ಎಂಬ ಒಬ್ಬಳೇ ತಂಗಿಯನ್ನು. ಅಣ್ಣಂದಿರು ದೊರೆತದ್ದು ಕಾಲೇಜಿನ ಫ್ರೆಟರ್ನಿಟಿಯಲ್ಲಿ. ಗ್ರೀಸ್ ದೇಶ ನಕ್ಷೆಯಲ್ಲಿ ಎಲ್ಲಿದೆಯೆಂದು ತಿಳಿಯದ ಹುಡುಗರು ಮೂರು ಗ್ರೀಕ್ ಅಕ್ಷರಗಳನ್ನು ಎದೆಯ ಮೇಲೆ ಹೊಲಿಸಿಕೊಂಡು, ಬಿಳಿ ಕಂಬಗಳ ದೊಡ್ಡ ಮನೆಯಲ್ಲಿ ಒಟ್ಟಿಗಿರುವ ಕೂಟ ಅದು. ಹೊಸಬರು ಮೊದಲು ಅಲ್ಲಿ ಚಾಕರಿ ಮಾಡಬೇಕು. ಆಮೇಲೆ ಪ್ರಮಾಣ. ಪ್ರಮಾಣ ಮಾಡಿದವನು ಸಾಯುವವರೆಗೂ ಅಣ್ಣ. ಅಲ್ಲಿ ಎಲ್ಲರೂ ಅಣ್ಣಂದಿರೇ, ತಮ್ಮನೆಂಬವನು ಒಬ್ಬನೂ ಇಲ್ಲ.

ಕೋಲ್ಬಿಯ ಪ್ರಮಾಣ ಅಂದೇ ಸಂಜೆ ಇತ್ತು. ಅವನು ಅದಕ್ಕೆ ಹೋಗಬಾರದೆಂದು ನೊರೀನ್‌ಳ ಮನಸ್ಸು ಹೊಡೆದುಕೊಳ್ಳುತ್ತಿತ್ತು. ಮಗ ಸೊರಗಿದ್ದ. ಕೇಳಿದ್ದಕ್ಕೆಲ್ಲ ಕೋಲೆಬಸವನಂತೆ ತಲೆಯಾಡಿಸುವುದನ್ನು ಕಲಿತಿದ್ದ. ಆದರೆ ಬೇಡವೆಂದರೆ ಓಡಿಹೋಗಿ ಮಾಡುವ ವಯಸ್ಸು. ಅದಕ್ಕೇ ಅವಳು ತುಟಿ ಬಿಗಿಹಿಡಿದು, ಯಾರ್ಯಾರದೋ ಮಕ್ಕಳ ಕಾಲುಚೀಲಗಳನ್ನು ಒಂದೊಂದಾಗಿ ತಿರುವಿ ಹಾಕತೊಡಗಿದಳು. ಟೆಸ್ಸಿ ಜೋಡಿ ಹುಡುಕಿಕೊಡುತ್ತಿದ್ದಳು.

ಅಪ್ಪ ಡ್ವೈಟ್ ಕಾಫಿ ಲೋಟ ಹಿಡಿದು ಬಂದ. ಮೂಟೆಗಳನ್ನು ಕಂಡು ಅವನ ಮುಖ ಅರಳಿತು. ಅವನೂ ಅದೇ ಮೂರು ಅಕ್ಷರದವನು; ಅಪ್ಪ ಇದ್ದ ಕೂಟವೆಂದೇ ಮಗನಿಗೂ ಅಲ್ಲಿಂದ ಕರೆ ಬಂದದ್ದು. ಲಾಭಗಳ ಪುರಾಣ ಶುರುವಾಯಿತು. ಎಲ್ಲಿ ಹೋದರೂ ನಮ್ಮವರು ಇರುತ್ತಾರೆ. ಗುಟ್ಟಿನ ಹಸ್ತಲಾಘವವೊಂದಿದೆ, ಕಿರುಬೆರಳನ್ನು ಒಂದು ಬಗೆಯಲ್ಲಿ ಮಡಚಿ ಕೈ ಕುಲುಕಿದರೆ ಸಾಕು, ಮುಚ್ಚಿದ ಬಾಗಿಲೂ ತೆರೆಯುತ್ತದೆ.

ಆ ಬೆರಳಿನ ಮಹಿಮೆಯನ್ನು ನೊರೀನ್ ಕಣ್ಣಾರೆ ಕಂಡಿದ್ದಳು. ಕೋಲ್ಬಿ ಹೊಟ್ಟೆಯಲ್ಲಿದ್ದಾಗ, ಹಿಮ ಸುರಿಯುವ ದಿನ, ಫೋರ್ಟ್ ವೇನ್ ಊರಿನ ದಾರಿಯಲ್ಲಿ ಕಾರು ಕೆಟ್ಟಿತ್ತು. ಅಲ್ಲೊಂದು ಮನೆಯ ಮುಂದಿನ ಕಾರಿನ ಗಾಜಿನ ಮೇಲೆ ಮೂರು ಅಕ್ಷರದ ಚೀಟಿ ಕಂಡದ್ದೇ ತಡ, ಡ್ವೈಟ್ ಕಳೆದುಹೋದ ಕರು ಹಟ್ಟಿ ಕಂಡಂತೆ ಓಡಿದ್ದ. ಬಾಗಿಲು ತೆರೆದ ಮುದುಕನ ಕೈ ಹಿಡಿದು ಬೆರಳು ಮಡಚಿದ. ಮುದುಕ ಕೈ ಕಿತ್ತುಕೊಂಡು, ನಿನ್ನ ಬೆರಳಿಗೇನು ಲಕ್ವ ಹೊಡೆದಿದೆಯಾ ಎಂದು ಕೇಳಿದ. ಕಾರನ್ನು ಅವನು ಯಾರಿಂದಲೋ ಕೊಂಡಿದ್ದ. ಚೀಟಿ ಕೆರೆದು ತೆಗೆಯಲು ಸೋಮಾರಿತನ. ಆ ಕಥೆ ಡ್ವೈಟನ ಪುರಾಣದಲ್ಲಿ ಬರುವುದಿಲ್ಲ.

ಬರುವುದು ಕೆಲಸದ ಕಥೆ. ವಿಮಾ ಕಂಪನಿಯ ಯಜಮಾನ ಅದೇ ಕೂಟದವನು, ಕೈ ಕುಲುಕಿದ ಗಳಿಗೆಯಲ್ಲೇ ಕೆಲಸ ಕೊಟ್ಟ. ನಿಜವೇ. ಆವತ್ತಿನಿಂದ ಡ್ವೈಟ್ ಪ್ರತಿ ಶನಿವಾರ ಆ ಅಣ್ಣನ ದೋಣಿ ತೊಳೆಯುತ್ತಾನೆ. ಅವನು ಅದಕ್ಕೆ ಸ್ನೇಹ ಎನ್ನುತ್ತಾನೆ. ದೋಣಿಯಲ್ಲಿ ಕೂತು ಕೆರೆ ಸುತ್ತಿದ್ದನ್ನು ಮಾತ್ರ ನೊರೀನ್ ಕಾಣಳು.

ಪ್ಯಾನ್‌ಕೇಕು ಹುಯ್ದು ಮೇಜಿಗೆ ಕರೆದಳು. ಕೋಲ್ಬಿ ಫೋರ್ಕನ್ನು ಎಂದಿನಂತಲ್ಲದೆ ಎಡಗೈಯಲ್ಲಿ ಹಿಡಿದ. ಅವಳು ಅವನ ಬಲಗೈ ತಿರುಗಿಸಿದಳು. ಹೆಬ್ಬೆರಳು, ತೋರುಬೆರಳ ತುದಿಗಳಲ್ಲಿ ಬೊಬ್ಬೆ. ಅಣ್ಣಂದಿರ ಮುಂದೆ ಉರಿಯುವ ಬೆಂಕಿಕಡ್ಡಿ ಹಿಡಿದು, ಅದು ಆರುವ ಮೊದಲು ಗ್ರೀಕ್ ಅಕ್ಷರಮಾಲೆಯನ್ನು ಮೂರು ಸಲ ಒಪ್ಪಿಸಬೇಕಂತೆ. ತಡವರಿಸಿದರೆ ಇನ್ನೊಂದು ಕಡ್ಡಿ.

"ಅಕ್ಷರ ಬಂತಲ್ಲ, ಅದೇ ಲಾಭ," ಎಂದ ಡ್ವೈಟ್.

ಟೆಸ್ಸಿ ಅಕ್ಷರ ಕಲಿತದ್ದು ಅಡುಗೆಮನೆಯಲ್ಲಿ, ಹಾಡು ಹೇಳಿಕೊಂಡು, ಬೆರಳಿಗೆ ಜ್ಯಾಮು ಮೆತ್ತಿಕೊಂಡು. ನೊರೀನ್ ಮುಲಾಮು ತಂದು ಸವರಿದಳು. ಮಗ ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ಊದಿದಳು. ಅವನು ಕೈ ಎಳೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಟೆಸ್ಸಿ ಒಗೆದು ಒಣಗಿಸಿದ್ದ ಅಂಗಿಯೊಂದನ್ನು ತಲೆಯ ಮೇಲಿಂದ ತೊಟ್ಟುಕೊಂಡು ಬಂದು ನಿಂತಳು. ಮೂರು ಅಕ್ಷರಗಳು ಅವಳ ಮೊಣಕಾಲಿಗೆ ಬಂದಿದ್ದವು. ಕೋಲ್ಬಿ ಕುರ್ಚಿಯಿಂದ ನೆಗೆದೆದ್ದ.

"ತೆಗಿಯೇ ಅದನ್ನ. ಪ್ರಮಾಣ ಆಗ್ದೇ ಇರೋರು ಹಾಕ್ಕೋಬಾರ್ದು. ನಾನೇ ಹಾಕ್ಕೊಂಡಿಲ್ಲ."

"ಹಾಕ್ಕೋಬಾರ್ದು," ಎಂದಳು ನೊರೀನ್ ಮೆಲ್ಲಗೆ. "ಒಗೀಬಹುದು."

ಡ್ವೈಟ್ ಇದೆಲ್ಲ ಇವತ್ತಿಗೆ ಮುಗಿಯುವ ಮಾತು ಎಂದು ತಿಳಿಹೇಳಿದ. ಸಂಜೆ ಪ್ರಮಾಣವಾಗಲಿ, ಆಮೇಲೆ ಇವನು ಬರಿಯ ಕೈ ಬೀಸಿಕೊಂಡು ನಡೆಯುತ್ತಾನೆ. ಮುಂದಿನ ವರ್ಷ ಹೊಸ ಹುಡುಗರು ಬರುತ್ತಾರೆ, ಇವನ ಮೂಟೆ ಹೊರುತ್ತಾರೆ. ಕೋಲ್ಬಿ ತಲೆಯಾಡಿಸಿದ. ಆದರೆ ಕಣ್ಣು ಮಾತ್ರ ಅಮ್ಮ ಮಡಚುತ್ತಿದ್ದ ಆ ದೊಡ್ಡ ಚಡ್ಡಿಯ ಮೇಲಿತ್ತು. ಅವಳು ಅದರ ಅಂಚನ್ನು ಅಂಚಿಗೆ ಕೂಡಿಸಿ, ತನ್ನ ಮಗನದೇ ಎಂಬಂತೆ ಅಂಗೈಯಿಂದ ನೀವುತ್ತಿದ್ದಳು.

ಟೆಸ್ಸಿ ಅಂಗಿಯ ಕತ್ತಿನೊಳಗಿಂದ ಕೂದಲು ಕೆದರಿದ ತಲೆ ಹೊರಗೆಳೆದಳು. ಬೆಳಗಿನಿಂದ ಅವಳು ಎರಡು ಸಲ ಬಾಯಿ ತೆರೆದಿದ್ದಳು. ದೊಡ್ಡವರು ಮಾತಾಡುವಾಗ ಸುಮ್ಮನಿರು ಎಂದು ಅಪ್ಪ ಎರಡು ಸಲವೂ ತಡೆದಿದ್ದ. ಈಗ ಅಪ್ಪನ ಕಡೆ ನೋಡಲೇ ಇಲ್ಲ. ನೇರ ಅಣ್ಣನ ಮುಂದೆ ಹೋಗಿ ನಿಂತಳು.

"ಅಣ್ಣಾ, ಮುಂದಿನ ವರ್ಷ ನಿನ್ನ ಬಟ್ಟೆನ ಯಾರ ಅಮ್ಮ ಒಗೀತಾಳೆ?"