ಪಾರಣೆಗೆ ಚಹಾ ಎಲೆ

ಬರ್ಮಾದ ತೋಫುವಿನಲ್ಲಿ ಸೋಯಾ ಇರುವುದಿಲ್ಲ. ಕಡಲೆಹಿಟ್ಟನ್ನು ನೀರಿಗೆ ಕದಡಿ, ಗಟ್ಟಿಯಾಗುವ ತನಕ ತಿರುವಿ, ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸುತ್ತಾರೆ. ಇದು ಗೊತ್ತಾದ ದಿನ ಉಮಾನಾಥ ಎಮರಿವಿಲ್‌ನ ಆ ಪುಟ್ಟ ಬರ್ಮೀ ಹೋಟೆಲಿನಲ್ಲಿ ಚಮಚ ಕೆಳಗಿಟ್ಟು ಘೋಷಿಸಿದ: “ಇದು ತೋಫು ಅಲ್ಲ ಭಾವ, ಟೋಪಿ! ನಮಗೆ ಹಾಕಿದ್ದಾರೆ ಮಾರಾಯ್ರೆ.”

“ಟೋಪಿ ಅಲ್ವೋ, ಜುಣಕದ ವಡಿ,” ಎಂದ ಜಗನ್ನಾಥ. “ಧಾರವಾಡದಲ್ಲಿ ಯಾರ ಹತ್ರಾನೋ ಜಗಳ ಆಡ್ಕೊಂಡು ರಂಗೂನಿಗೆ ಬಂದು ಹೆಸರು ಬದಲಾಯಿಸ್ಕೊಂಡಿದೆ.”

ಜಗಳ ಎಂಬ ಮಾತು ಬಂದದ್ದೇ ಇಬ್ಬರೂ ತಟ್ಟೆ ನೋಡಿಕೊಂಡರು.

ಇಬ್ಬರೂ ಷಡ್ಡಕರು. ಅಕ್ಕ ಹರಿಪ್ರಿಯಾಳ ಗಂಡ ಜಗನ್ನಾಥ ಮೈಸೂರಿನವನು, ಮನೆ ಸ್ಯಾನ್ ರಮೋನ್‌ನಲ್ಲಿ. ತಂಗಿ ಸಂಯುಕ್ತಾಳ ಗಂಡ ಉಮಾನಾಥ ಉಡುಪಿಯವನು, ಮನೆ ಡ್ಯಾನ್‌ವಿಲ್‌ನಲ್ಲಿ. ಎರಡು ಮನೆಗಳ ನಡುವೆ ಫ್ರೀವೇಯ ಒಂದೆರಡು ಎಕ್ಸಿಟ್ಟು ಅಷ್ಟೆ. ಆದರೆ ಅಕ್ಕತಂಗಿ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಗಂಡಂದಿರಿಗೆ ತಮ್ಮಲ್ಲಿ ಜಗಳವೇನೂ ಇರಲಿಲ್ಲ, ಇಬ್ಬರ ಆಫೀಸೂ ಎಮರಿವಿಲ್‌ನಲ್ಲೇ ಇತ್ತು. ಹಾಗಾಗಿ ಕದ್ದು ಪ್ರೇಮಿಸುವವರಂತೆ ಗುರುವಾರದ ಲಂಚಿಗೆ ಇಲ್ಲಿ ಸೇರುತ್ತಿದ್ದರು. ಇಲ್ಲಿಗೇ ಏಕೆಂದರೆ, ಇಂಡಿಯನ್ ಹೋಟೆಲಿನಲ್ಲಿ ದೋಸೆ ತಿಂದರೆ ಚಟ್ನಿ ಖಾಲಿಯಾಗುವ ಮೊದಲೇ ಸುದ್ದಿ ಮನೆ ಮುಟ್ಟುತ್ತದೆ.

ಹೀಗೆ ಬಚ್ಚಿಟ್ಟುಕೊಳ್ಳಲು ಬಂದವರಿಗೆ ಬರ್ಮಾದ ಅಡುಗೆ ಒಂದೊಂದಾಗಿ ಪರಿಚಯವಾಯಿತು. ಹುಣಸೆ ಹುಳಿಯ ಸೂಪಿಗೆ ಮುರಿದು ಹಾಕಿದ ಸಮೋಸ. ಸೋರೆಕಾಯಿ ಬಜ್ಜಿ. ತೆಂಗಿನ ಹಾಲಿನಲ್ಲಿ ಮುಳುಗಿದ ನೂಡಲ್ಸ್. ಹೋಟೆಲಿನ ಒಡತಿ ದಾ ಮ್ಯಾ ಅರವತ್ತು ದಾಟಿದ ಹೆಂಗಸು. ಆ ‘ದಾ’ ನಮ್ಮಲ್ಲಿ ಹಿರಿಯರ ಹೆಸರಿಗೆ ‘ಅಮ್ಮ’ ಸೇರಿಸುವ ಹಾಗೆ. ಇವರು ಬಾಯಿ ತೆರೆಯುವ ಮುಂಚೆಯೇ “ಸೀಗಡಿ ಇಲ್ಲ, ಮೀನಿನ ಸಾಸ್ ಇಲ್ಲ, ಗೊತ್ತು ಗೊತ್ತು” ಎಂದು ಕೈಯಾಡಿಸುತ್ತಿದ್ದಳು. ಪ್ರತಿ ಹೊಸ ತಟ್ಟೆ ಬಂದಾಗಲೂ ಜಗನ್ನಾಥನಿಗೆ ಮನೆಗೆ ಹೋಗಿ ಹೆಂಡತಿಗೆ ಹೇಳಬೇಕೆನ್ನಿಸುತ್ತಿತ್ತು. ಹೇಳುವಂತಿರಲಿಲ್ಲ.

ಜಗನ್ನಾಥ ಒಂದು ಕಾಲಕ್ಕೆ ಮಿಮಿಕ್ರಿಗೆ ಹೆಸರಾದವನು. ಕನ್ನಡ ಸಂಘದ ಸ್ಟೇಜಿನಲ್ಲಿ ಕುಕ್ಕರಿನಿಂದ ಹಿಡಿದು ಅಧ್ಯಕ್ಷರ ತನಕ ಯಾರ ಸೀಟಿಯನ್ನೂ ಬಿಟ್ಟವನಲ್ಲ. ಅವನ ಮುಖ್ಯ ಐಟಮ್ಮು ಅತ್ತೆ. “ಚಿನ್ನೂ, ಊಟ ಆಯ್ತೇನೇ?” ಎಂದು ಅವರು ಕಿರಿಮಗಳನ್ನು ವಿಚಾರಿಸುವ ಹಾಗೆ ನಡುವೆ ಒಂದು ಸಣ್ಣ ಕೆಮ್ಮು ಸೇರಿಸಿ ಹೇಳಿದರೆ ಅತ್ತೆಯೇ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. “ಅಳಿಯಂದ್ರೆ, ನಾನು ಸತ್ತ ಮೇಲೂ ಮನೇಲಿ ನನ್ನ ಬೈಗುಳ ನಿಲ್ಲಲ್ಲ ಬಿಡಿ!”

ಆ ಅತ್ತೆ ಮೈಸೂರಿನ ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಿಸಿಕೊಂಡು ಮಲಗಿದಾಗ ಇಲ್ಲಿ ಸಂಯುಕ್ತಾಗೆ ಒಂಬತ್ತು ತಿಂಗಳು. ಬಿಪಿ ಏರಿ, ಆತಂಕವಾಗುವ ಯಾವ ಸುದ್ದಿಯೂ ಬೇಡ ಎಂದು ಡಾಕ್ಟರು ಹೇಳಿದ್ದರು. ಹರಿಪ್ರಿಯಾ, ಜಗನ್ನಾಥ ಮೈಸೂರಿಗೆ ಧಾವಿಸಿದರು. ಆಫೀಸಿನ ಕೆಲಸಕ್ಕೆಂದು ತಂಗಿಗೆ ಸುಳ್ಳು ಹೇಳಿದರು. ಉಮಾನಾಥನಿಗೂ ನಿಜ ಹೇಳಲಿಲ್ಲ, ಅವನ ಮುಖ ಏನನ್ನೂ ಬಚ್ಚಿಡಲು ಬಾರದ ಮುಖ. ಸಂಯುಕ್ತಾ ಮಾತ್ರ ಅಮ್ಮನ ಮೊಬೈಲಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಲೇ ಇದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಹರಿಪ್ರಿಯಾ ಆ ಮೊಬೈಲನ್ನು ಗಂಡನ ಕೈಗೆ ತುರುಕಿ, “ಒಂದೇ ನಿಮಿಷ ರೀ. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು.

ಜಗನ್ನಾಥ ಮಾತಾಡಿದ. “ಚಿನ್ನೂ, ಊಟ ಆಯ್ತೇನೇ? ಗಂಟಲು ಕಟ್ಟಿದೆ ಕಣೆ, ಜಾಸ್ತಿ ಮಾತಾಡಕ್ಕಾಗಲ್ಲ. ಧೈರ್ಯವಾಗಿರು.” ಅತ್ತ ಸಂಯುಕ್ತಾ ನಕ್ಕಳು. ಮಾರನೆಯ ದಿನ ಅತ್ತೆ ಹೋದರು. ಲಾಸ್ಯಾ ಹುಟ್ಟಿ, ತಾಯಿ ಮಗು ಮನೆಗೆ ಬಂದ ಮೇಲೆ ಸಂಯುಕ್ತಾಗೆ ಸಾವಿನ ಸುದ್ದಿ ಹೇಳಿದರು. ಫೋನಿನ ಸುದ್ದಿ ಹೇಳಲಿಲ್ಲ. ಸಾವನ್ನು ಮುಚ್ಚಿಟ್ಟದ್ದಕ್ಕೇ ಅವಳು ಮಾತು ಬಿಟ್ಟಳು. ಜಗನ್ನಾಥ ಮಿಮಿಕ್ರಿ ಬಿಟ್ಟ.

ಒಂದು ಗುರುವಾರ ದಾ ಮ್ಯಾ ಹೊಸದೊಂದು ತಟ್ಟೆ ತಂದಳು. ಅರಗಿನ ಹೊಳಪಿನ ದುಂಡು ತಟ್ಟೆ, ಒಳಗೆಲ್ಲ ಒಗ್ಗರಣೆ ಡಬ್ಬಿಯ ಹಾಗೆ ಮನೆಮನೆ. ನಡುವೆ ಹುದುಗು ಬರಿಸಿದ ಚಹಾ ಎಲೆ, ಕಪ್ಪು ಹಸಿರು. ಸುತ್ತ ಕಡಲೆಬೀಜ, ಎಳ್ಳು, ಬೆಳ್ಳುಳ್ಳಿಯ ಗರಿಗರಿ ಚೂರು, ಕರಿದ ಅವರೆಬೇಳೆ.

“ಹೆಸರು?” ಎಂದ ಜಗನ್ನಾಥ.

“ಲಪೆಟ್,” ಎಂದಳು.

“ಲಪಟಾಯಿಸಿ ಅಂತ ಹೆಸರಲ್ಲೇ ಉಂಟಲ್ಲ ಭಾವ!” ಎಂದು ಉಮಾನಾಥ ಚಮಚ ಎತ್ತಿದ.

ದಾ ಮ್ಯಾ ತಡೆದು ತನ್ನ ಇಂಗ್ಲಿಷಿನಲ್ಲಿ ವಿವರಿಸಿದಳು. ಹಿಂದೆ ತಮ್ಮ ಊರಿನಲ್ಲಿ ವ್ಯಾಜ್ಯ ಮುಗಿದಾಗ ಎರಡೂ ಕಡೆಯವರು ಇದನ್ನು ತಿನ್ನುತ್ತಿದ್ದರಂತೆ. ತಿಂದರೆ ತೀರ್ಪು ಒಪ್ಪಿದ ಹಾಗೆ. ಮತ್ತೆ ಆ ಮಾತು ಎತ್ತುವಂತಿಲ್ಲ.

ಉಮಾನಾಥನ ಮುಖ ಅರಳಿತು. “ಭಾವ, ಅವರಿಬ್ಬರನ್ನು ಕರ್ಕೊಂಡು ಬಂದ್ರೆ ಹೇಗೆ? ನಮ್ಮವಳು ಈಗೀಗ ಅಕ್ಕ ಅಕ್ಕ ಅಂತ ಒಬ್ಬಳೇ ಗೊಣಗ್ತಾಳೆ ಮಾರಾಯ್ರೆ. ಮಗು ಎದುರಿಗೆ ಕಣ್ಣೀರು ಬೇರೆ.”

ಜಗನ್ನಾಥನಿಗೆ ಆಸ್ಪತ್ರೆಯ ಕಾರಿಡಾರಿನ ಆ ಫೋನು ನೆನಪಾಯಿತು. ಆದರೂ ಆಗಲಿ ಎಂದ. ಹರಿಪ್ರಿಯಾಗೆ ತಂಗಿ ಬೇಕಾಗಿದ್ದಳು. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಬ್ಬರೂ ಮನೆಯಲ್ಲಿ ಗುರುವಾರದ ಗುಟ್ಟು ಒಪ್ಪಿಕೊಂಡ ಮೇಲೆ ಸಂಯುಕ್ತಾ ಗಂಡನ ಮೂಲಕ ಅಕ್ಕನಿಗೆ ಕರೆ ಕಳಿಸಿದಳು. ಉಮಾನಾಥ ನಾಲ್ವರ ಫೋನಿನ ಕ್ಯಾಲೆಂಡರ್ ಹೊಂದಿಸಿ ಶನಿವಾರ ಗೊತ್ತು ಮಾಡಿದ. ಪಂಚಾಂಗವನ್ನು ಮಾತ್ರ ಯಾರೂ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಒಲೆ ಉರಿಯದ್ದನ್ನು ಕಂಡು ಜಗನ್ನಾಥ ಹಣೆ ಚಚ್ಚಿಕೊಂಡ. ಏಕಾದಶಿ. ಮದುವೆಯಾದಾಗಿನಿಂದ ಏಕಾದಶಿಯ ದಿನವೇ ಬಿಸಿಬೇಳೆಬಾತ್ ಮಾಡುತ್ತಿದ್ದ ಹೆಂಡತಿ ಅಮ್ಮ ಹೋದ ಮೇಲೆ ಅಮ್ಮನ ಉಪವಾಸ ಹಿಡಿದಿದ್ದಳು.

“ಇನ್ನೊಂದು ದಿನ ಹೋಗೋಣ್ವಾ?”

“ಬೇಡ,” ಎಂದಳು ಹರಿಪ್ರಿಯಾ. “ಅವಳು ಕರೆದಿದ್ದಾಳೆ. ಒಂದು ಏಕಾದಶಿ ಮುರಿದ್ರೆ ಅಮ್ಮ ಏನೂ ಅನ್ಕೊಳ್ಳಲ್ಲ.” ಲಾಸ್ಯಾ ಹುಟ್ಟಿದಾಗಲೇ ಅವಳಿಗೆಂದು ತೆಗೆದಿಟ್ಟಿದ್ದ ಫ್ರಾಕನ್ನು ಚೀಲಕ್ಕೆ ಹಾಕಿಕೊಂಡಳು.

ಹೋಟೆಲಿನಲ್ಲಿ ತೊಡಿಸಿ ನೋಡಿದರೆ ಫ್ರಾಕು ಲಾಸ್ಯಾಳ ಮೊಣಕೈಯಲ್ಲೇ ನಿಂತಿತು. “ಇಟ್ಸ್ ಫಾರ್ ಬೇಬಿ,” ಎಂದಿತು ಮಗು. ಸಂಯುಕ್ತಾ ಜೋರಾಗಿ ನಕ್ಕು, ನಗುತ್ತಲೇ ಅಕ್ಕನ ಭುಜಕ್ಕೆ ಹಣೆಯಿಟ್ಟು ಅತ್ತಳು. ಉಮಾನಾಥ ಮೆನು ಕಾರ್ಡಿನ ಹಿಂದೆ ಮೂಗು ಒರೆಸಿಕೊಂಡ.

ತಟ್ಟೆ ಬಂತು. ದಾ ಮ್ಯಾ ಮತ್ತೆ ತನ್ನ ಊರಿನ ಪದ್ಧತಿ ಹೇಳಿದಳು. ಎಲ್ಲವನ್ನೂ ಕಲಸಿ ನಿಂಬೆ ಹಿಂಡಿದಳು. ಸಂಯುಕ್ತಾ ತಡಮಾಡದೆ ತುಂಬು ಚಮಚ ಬಾಯಿಗಿಟ್ಟಳು. ಕರುಂ ಕರುಂ.

“ಅಕ್ಕಾ, ಅವರೆಬೇಳೆ! ಅಮ್ಮ ಕರೀತಿದ್ರಲ್ಲ, ಸೇಮ್ ಟೇಸ್ಟು.”

ಹರಿಪ್ರಿಯಾ ಚಮಚ ತೆಗೆದುಕೊಂಡಳು. ತುಂಬಿದಳು. ಬಾಯಿಯ ಹತ್ತಿರ ತಂದಳು.

“ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ ಅಂತಲ್ಲ,” ಎಂದಳು ಸಂಯುಕ್ತಾ. “ತುಂಬಾ ಇತ್ತು. ಆಮೇಲೆ ಯೋಚನೆ ಮಾಡ್ದೆ. ಅಷ್ಟು ಹುಷಾರಿಲ್ಲದೇ ಇದ್ರೂ ಅಮ್ಮ ನನ್ನ ಜೊತೆ ಫೋನಲ್ಲಿ ಮಾತಾಡಿದ್ರಲ್ಲ. ಊಟ ಆಯ್ತೇನೇ ಅಂದ್ರು. ಕೊನೇ ಮಾತು ನನಗೆ ಸಿಕ್ತಲ್ಲ. ಅಷ್ಟು ಸಾಕು ಅಕ್ಕಾ. ಅದೊಂದು ಇಲ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರಲಿಲ್ಲ.”

ಚಮಚ ಗಾಳಿಯಲ್ಲಿ ನಿಂತಿತು. ಹರಿಪ್ರಿಯಾ ಅದನ್ನು ಮೆಲ್ಲನೆ ತಟ್ಟೆಯ ಅಂಚಿಗೆ ಇಟ್ಟಳು.

“ಇವತ್ತು ಏಕಾದಶಿ ಕಣೆ,” ಎಂದಳು. “ಮರೆತೇ ಹೋಗಿತ್ತು.”

“ಅಯ್ಯೋ ದೇವರೇ! ಉಡುಪಿಯಲ್ಲಿ ಹುಟ್ಟಿ ಇಷ್ಟೂ ನೋಡ್ಲಿಲ್ಲ ನಾನು,” ಎಂದು ಉಮಾನಾಥ ತಲೆ ಚಚ್ಚಿಕೊಂಡ. “ಭಾವ, ನೀವಾದ್ರೂ ತಿನ್ನಿ. ನಿಮಗೆ ಇಲ್ಲಿನ ಅಡುಗೆ ಅಂದ್ರೆ ಪ್ರಾಣ.”

“ನಂದೂ ಏಕಾದಶಿ,” ಎಂದ ಜಗನ್ನಾಥ.

“ನಿಮ್ದಾ? ಎಂತ, ಎಮರಿವಿಲ್ ಮಠದಿಂದ ಅಪ್ಪಣೆಯಾ?”

ಸಂಯುಕ್ತಾ ಮಾತ್ರ ಹಗುರಾಗಿದ್ದಳು. “ಕಟ್ಟಿಸ್ಕೊಂಡು ಹೋಗು ಅಕ್ಕಾ. ನಾಳೆ ಪಾರಣೆ ಆದ್ಮೇಲೆ ತಿನ್ನು.” ಆಮೇಲೆ ಮಗುವನ್ನು ತೊಡೆಗೆಳೆದುಕೊಂಡು, “ಭಾವ, ಒಂದೇ ಒಂದು ಸಲ ಅಮ್ಮನ ಥರ ಮಾತಾಡಿ. ಇವಳು ಅಜ್ಜಿ ವಾಯ್ಸೇ ಕೇಳಿಲ್ಲ. ಪ್ಲೀಸ್,” ಎಂದಳು.

ಜಗನ್ನಾಥ ನೀರು ಕುಡಿದ. ಮತ್ತೊಮ್ಮೆ ಕುಡಿದ.

“ಗಂಟಲು ಕಟ್ಟಿದೆ,” ಎಂದ. ಹೇಳಿದ ಮೇಲೆ ತಿಳಿಯಿತು, ಇದೇ ಮಾತನ್ನು ಇದೇ ಸಂಯುಕ್ತಾಗೆ ಇನ್ನೊಬ್ಬರ ಗಂಟಲಲ್ಲಿ ತಾನು ಹಿಂದೆಯೂ ಹೇಳಿದ್ದೇನೆ ಎಂದು. ಹರಿಪ್ರಿಯಾ ಕಿಟಕಿಯ ಕಡೆ ತಿರುಗಿಕೊಂಡಳು.

ವಾಪಸು ಬರುವಾಗ ಕಾರಿನಲ್ಲಿ ಡಬ್ಬಿ ಅವಳ ಮಡಿಲಲ್ಲಿತ್ತು.

“ಹೇಳಿಬಿಡೋಣ್ವಾ?” ಎಂದ ಜಗನ್ನಾಥ.

“ಹೇಳಿದ್ರೆ ಅವಳಿಗೆ ಇರೋ ಒಂದೂ ಹೋಗತ್ತೆ.”

“ಹೇಳದೆ ತಿಂದ್ರೆ?”

ಹರಿಪ್ರಿಯಾ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ಭದ್ರ ಮಾಡಿದಳು.

ಮಾರನೆಯ ಬೆಳಿಗ್ಗೆ ಹರಿಪ್ರಿಯಾ ತುಳಸಿ ನೀರು ಕುಡಿದು, ಅನ್ನ ಸಾರು ಉಂಡು ಪಾರಣೆ ಮುಗಿಸಿದಳು. ಫ್ರಿಜ್ಜಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಎದುರಿಗೆ ಕುಳಿತಳು. ಮುಚ್ಚಳ ತೆಗೆಯಲಿಲ್ಲ. ಫೋನು ಬಡಿದುಕೊಂಡಿತು. ಎರಡು ವರ್ಷ ಬಾರದಿದ್ದ ಹೆಸರು ಪರದೆಯ ಮೇಲೆ ಹೊಳೆಯಿತು.

“ಅಕ್ಕಾ, ತಿಂದ್ಯಾ?”

ಹರಿಪ್ರಿಯಾ ಗಂಡನನ್ನು ನೋಡಿದಳು. ಮೊಬೈಲು ಹಿಡಿದ ಅವಳ ಕೈ ಅವನ ಕಡೆಗೆ ಸ್ವಲ್ಪ ಚಾಚಿತು, ಅಭ್ಯಾಸವಾಗಿಬಿಟ್ಟಂತೆ. ಜಗನ್ನಾಥ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ತಿಂದೆ ಕಣೆ,” ಎಂದಳು ಹರಿಪ್ರಿಯಾ. “ಚೆನ್ನಾಗಿತ್ತು.”

“ಹಾಗಾದ್ರೆ ಮುಗೀತು! ಸಂಜೆ ಬರ್ತೀವಿ, ಅಡುಗೆ ಏನೂ ಬೇಡ, ಬರೀ ಅನ್ನ ಸಾರು. ಲಾಸ್ಯಾ, ಸೇ ಹಾಯ್ ಟು ದೊಡ್ಡಮ್ಮ.”

“ಹಾಯ್,” ಎಂದಿತು ಮಗು.

ಫೋನಿಟ್ಟ ಮೇಲೆ ಹರಿಪ್ರಿಯಾ ಮುಚ್ಚಳ ತೆಗೆದಳು. ಒಂದು ಚಮಚ ಬಾಯಿಗಿಟ್ಟುಕೊಂಡು ಡಬ್ಬಿಯನ್ನು ಗಂಡನ ಕಡೆಗೆ ತಳ್ಳಿದಳು. ಅವನೂ ತಿಂದ. ಕಡಲೆಬೀಜ, ಎಳ್ಳು, ಅವರೆಬೇಳೆ ಎಲ್ಲವೂ ರಾತ್ರಿಯಿಡೀ ನೆನೆದು ಮೆತ್ತಗಾಗಿದ್ದವು. ಇಬ್ಬರೂ ಬಹಳ ಹೊತ್ತು ಅಗಿದರು. ಯಾವುದೂ ಕರುಂ ಅನ್ನಲಿಲ್ಲ.